ಹ್ಯಾಟಿ ಮ್ಯಾಕ್‌ಡ್ಯಾನಿಯಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್ ಮಾತು ಬಂದರೆ ಹ್ಯಾಟಿ ಮ್ಯಾಕ್‌ಡ್ಯಾನಿಯಲ್ ಹೆಸರು ಬರುತ್ತದೆ. ಆ ಹೆಸರಿನ ಬೆನ್ನಿಗೇ ಕೆಲವು ಪ್ರಶ್ನೆಗಳೂ ಬರುತ್ತವೆ. ಮಾತಿನ ನಡುವೆ ಕೇಳಿದವು, ಕಾಗದದಲ್ಲಿ ಬರೆದು ಕೇಳಿದವು, ಸಿನಿಮಾ ನೋಡಿ ಸಿಟ್ಟಾಗಿ ಕೇಳಿದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಲ ಪರಿಚಯ

ಇವರು ಯಾರು? ನಾನು ಹೆಸರೇ ಕೇಳಿಲ್ಲ.

ಆಸ್ಕರ್ ಗೆದ್ದ ಮೊದಲ ಕಪ್ಪು ಜನಾಂಗದ ಕಲಾವಿದೆ. ಗಂಡಸರನ್ನು ಸೇರಿಸಿ ಲೆಕ್ಕ ಹಾಕಿದರೂ ಅವರೇ ಮೊದಲು. 1939ರ ‘ಗಾನ್ ವಿತ್ ದ ವಿಂಡ್’ ಸಿನಿಮಾದಲ್ಲಿ ಮಾಡಿದ ಮ್ಯಾಮಿ ಎಂಬ ಗುಲಾಮ ಕೆಲಸದಾಕೆಯ ಪಾತ್ರಕ್ಕೆ 1940ರಲ್ಲಿ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂತು.

ಜಾಸ್ತಿ ಜನಕ್ಕೆ ಗೊತ್ತಿರುವುದು ಇಷ್ಟೇ. ಆದರೆ ಅವರು ಗಾಯಕಿ. ತಾವೇ ಹಾಡು ಬರೆದು ಗ್ರಾಮಫೋನ್ ರೆಕಾರ್ಡಿಗೆ ಹಾಡಿದವರು. ಹೆಂಗಸರದೇ ತಂಡ ಕಟ್ಟಿ ನಡೆಸಿದವರು, ರೇಡಿಯೊದಲ್ಲಿ ಮನೆಮಾತಾದವರು. ಅವರಲ್ಲಿ ಇದ್ದದ್ದರಲ್ಲಿ ಒಂದು ಚೂರನ್ನು ಮಾತ್ರ ಹಾಲಿವುಡ್ ಬಳಸಿಕೊಂಡಿತು. ಈ ಪುಟದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ಹುಟ್ಟಿದ್ದು ಎಲ್ಲಿ? ಮನೆಯವರೂ ಕಲಾವಿದರೇ?

ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಲ್ಲಿ, 1893ರ ಜೂನ್ 10ರಂದು. ಕೆಲವು ಕಡೆ 1895 ಎಂದೂ ಇರುತ್ತದೆ. ಹದಿಮೂರು ಮಕ್ಕಳಲ್ಲಿ ಕೊನೆಯವರು. ಅಪ್ಪ ಹೆನ್ರಿ, ಅಮ್ಮ ಸೂಸನ್, ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಅಪ್ಪ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿ ಹೋರಾಡಿದ್ದರು. ಯುದ್ಧದ ಗಾಯ ಮೈಯಲ್ಲಿತ್ತು. ಅದಕ್ಕೆ ಸಿಗಬೇಕಾದ ಪೆನ್ಷನ್‌ಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. ಮನೆಯಲ್ಲಿ ಕಡು ಬಡತನ.

ಹ್ಯಾಟಿ ಚಿಕ್ಕವರಿದ್ದಾಗಲೇ ಕುಟುಂಬ ಕೊಲೊರಾಡೊಗೆ ಬಂತು, ಆಮೇಲೆ ಡೆನ್ವರ್‌ನಲ್ಲಿ ನೆಲೆ ನಿಂತಿತು. ಅಮ್ಮ ಚರ್ಚಿನಲ್ಲಿ ಹಾಡುತ್ತಿದ್ದರು. ಅಣ್ಣಂದಿರಾದ ಓಟಿಸ್, ಸ್ಯಾಮ್, ಅಕ್ಕ ಎಟಾ ಎಲ್ಲರೂ ರಂಗಕ್ಕೆ ಇಳಿದರು. ಪುಟ್ಟ ಹ್ಯಾಟಿ ಬೆಳಗಿನಿಂದ ರಾತ್ರಿವರೆಗೆ ಹಾಡುತ್ತಿದ್ದಳಂತೆ. ‘ಸಾಕು, ಸುಮ್ಮನಿರು’ ಎಂದು ಅಮ್ಮ ಕೈಗೆ ಕಾಸು ಕೊಡುತ್ತಿದ್ದುದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಸಿನಿಮಾಕ್ಕೆ ಬರೋ ಮುಂಚೆ ಏನು ಮಾಡ್ತಿದ್ರು?

ಇಪ್ಪತ್ತು ವರ್ಷಕ್ಕೂ ಮಿಕ್ಕಿ ರಂಗದ ಮೇಲೆ ದುಡಿದರು. ಶಾಲೆಯಲ್ಲಿದ್ದಾಗಲೇ ಮದ್ಯಪಾನ ವಿರೋಧಿ ಮಹಿಳಾ ಸಂಘವೊಂದು ನಡೆಸಿದ ಸ್ಪರ್ಧೆಯಲ್ಲಿ ಪದ್ಯ ಹೇಳಿ ಚಿನ್ನದ ಪದಕ ಗೆದ್ದರು. ಆಮೇಲೆ ಅಣ್ಣ ಓಟಿಸ್ ಕಟ್ಟಿದ ತಂಡದಲ್ಲಿ ಹಾಡು, ಕುಣಿತ, ಹಾಸ್ಯ. 1914ರಲ್ಲಿ ಅಕ್ಕ ಎಟಾ ಜೊತೆ ಸೇರಿ ಹೆಂಗಸರದೇ ಒಂದು ತಂಡ ಕಟ್ಟಿದರು. 1916ರಲ್ಲಿ ಓಟಿಸ್ ತೀರಿಕೊಂಡ ಮೇಲೆ ಕಷ್ಟ ಶುರುವಾಯಿತು. ತಂಡಕ್ಕೆ ದುಡ್ಡು ಹುಟ್ಟುತ್ತಿರಲಿಲ್ಲ. ನಡುನಡುವೆ ಬಟ್ಟೆ ಒಗೆಯುವುದು, ಅಡುಗೆ, ಮನೆಗೆಲಸ ಎಲ್ಲವನ್ನೂ ಮಾಡಿದರು.

1920ರ ದಶಕದಲ್ಲಿ ಡೆನ್ವರ್‌ನ ಜಾರ್ಜ್ ಮಾರಿಸನ್ ವಾದ್ಯತಂಡದ ಜೊತೆ ಊರೂರು ಸುತ್ತಿ ಹಾಡಿದರು. ಡೆನ್ವರ್‌ನ ಕೆಓಎ ರೇಡಿಯೊ ಕೇಂದ್ರದಲ್ಲಿ ಅವರ ದನಿ ಕೇಳಿಬಂತು. ಆ ಕಾಲಕ್ಕೆ ರೇಡಿಯೊದಲ್ಲಿ ಹಾಡಿದ ಕಪ್ಪು ಹೆಂಗಸರು ಬೆರಳೆಣಿಕೆಯಷ್ಟು. 1926ರಿಂದ 1929ರ ನಡುವೆ ಶಿಕಾಗೊದಲ್ಲಿ ಓಕೆ, ಪ್ಯಾರಾಮೌಂಟ್ ರೆಕಾರ್ಡ್ ಕಂಪನಿಗಳಿಗೆ ಬ್ಲೂಸ್ ಹಾಡುಗಳನ್ನು (ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ) ಹಾಡಿದರು. ಕೆಲವು ಅವರದೇ ರಚನೆ.

ಮಿನ್‌ಸ್ಟ್ರಲ್ ಶೋನಲ್ಲಿ ಇದ್ದರು ಅಂತ ಓದಿದೆ. ಅದು ಕಪ್ಪು ಜನರನ್ನು ಅಣಕಿಸೋ ಆಟ ಅಲ್ವಾ?

ಹೌದು, ಹುಟ್ಟಿದ್ದು ಹಾಗೆಯೇ. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು, ಕಪ್ಪು ಜನರನ್ನು ಸೋಮಾರಿಗಳು, ದಡ್ಡರು ಎಂದು ತೋರಿಸಿ ನಗಿಸುತ್ತಿದ್ದ ಆಟ ಅದು. ಅಂತರ್ಯುದ್ಧ ಮುಗಿದ ಮೇಲೆ ಕಪ್ಪು ಕಲಾವಿದರಿಗೂ ರಂಗಕ್ಕೆ ಬರಲು ಸಿಕ್ಕ ದಾರಿ ಬಹುಮಟ್ಟಿಗೆ ಅದೊಂದೇ ಆಗಿತ್ತು. ದಾರಿ ಅದೇ ಆದರೂ ಅದರಲ್ಲಿ ಅವರು ನಡೆದ ರೀತಿ ಬೇರೆ.

ಡೆನ್ವರ್‌ನ ಕಪ್ಪು ಪ್ರೇಕ್ಷಕರ ಎದುರು ಹ್ಯಾಟಿ ಮಾಡುತ್ತಿದ್ದ ಹಾಸ್ಯದಲ್ಲಿ ಮ್ಯಾಮಿಯೂ ಇದ್ದಳು. ಯಜಮಾನರ ಮನೆಯೇ ಸ್ವರ್ಗ ಎಂದುಕೊಂಡಿರುವ ದಪ್ಪನೆಯ, ನಗುಮುಖದ ಕೆಲಸದಾಕೆ ಎಂದು ಬಿಳಿಯರು ಕಲ್ಪಿಸಿಕೊಂಡಿದ್ದ ಆ ಚಿತ್ರವನ್ನೇ ಹ್ಯಾಟಿ ಅಣಕಿಸುತ್ತಿದ್ದರು. ನೋಡುವವರಿಗೆ ನಗು ಯಾರ ಮೇಲೆ ಎಂದು ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷ ಬಿಟ್ಟು ಅದೇ ಪಾತ್ರವನ್ನು ಬಿಳಿಯ ಪ್ರೇಕ್ಷಕರಿಗಾಗಿ ಮಾಡಬೇಕಾಗಿ ಬಂತು. ಇದನ್ನು ತಿಳಿದುಕೊಂಡು ಅವರ ಸಿನಿಮಾ ನೋಡಿದರೆ ಹುಬ್ಬು ಏರಿಸುವುದು, ಗೊಣಗುವುದು, ಕಣ್ಣು ಓರೆ ಮಾಡುವುದು ಎಲ್ಲಕ್ಕೂ ಬೇರೆಯೇ ಅರ್ಥ ಕಾಣುತ್ತದೆ.

ಹಾಲಿವುಡ್‌ಗೆ ಹೇಗೆ ಸೇರಿದರು?

1929ರಲ್ಲಿ ಷೇರು ಮಾರುಕಟ್ಟೆ ಕುಸಿದು ನಾಟಕ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹ್ಯಾಟಿಗೆ ಸಿಕ್ಕಿದ್ದು ಮಿಲ್‌ವಾಕಿ ಹತ್ತಿರದ ಕ್ಲಬ್ ಮ್ಯಾಡ್ರಿಡ್‌ನಲ್ಲಿ ಹೆಂಗಸರ ಶೌಚಾಲಯ ನೋಡಿಕೊಳ್ಳುವ ಕೆಲಸ. ಒಂದು ರಾತ್ರಿ ಹಾಡುವವರು ಇರಲಿಲ್ಲ. ಕೆಲಸದವರಲ್ಲಿ ಯಾರಾದರೂ ಹಾಡುತ್ತೀರಾ ಎಂದು ಕೇಳಿದಾಗ ಇವರು ಮುಂದೆ ಬಂದು ಬ್ಲೂಸ್ ಹಾಡಿದರು. ಮತ್ತೆ ಶೌಚಾಲಯದ ಕಡೆ ಹೋಗಬೇಕಾಗಲಿಲ್ಲ. ಅಲ್ಲೇ ಗಾಯಕಿಯಾದರು.

1931ರಲ್ಲಿ ಲಾಸ್ ಏಂಜಲಿಸ್‌ಗೆ ಬಂದರು. ಅಣ್ಣ ಸ್ಯಾಮ್, ಅಕ್ಕಂದಿರು ಅಲ್ಲಿದ್ದರು. ಕೆಎನ್‌ಎಕ್ಸ್ ರೇಡಿಯೊ ಕೇಂದ್ರದ ಒಂದು ಕಾರ್ಯಕ್ರಮದಲ್ಲಿ ಸ್ಯಾಮ್ ಕೆಲಸ ಮಾಡುತ್ತಿದ್ದರು, ತಂಗಿಯನ್ನೂ ಸೇರಿಸಿದರು. ಮೊದಲ ದಿನ ರೇಡಿಯೊಗೆ ಪಾರ್ಟಿ ಉಡುಪಿನಲ್ಲಿ ಬಂದದ್ದಕ್ಕೆ ‘ಹೈ ಹ್ಯಾಟ್ ಹ್ಯಾಟಿ’ (ಠೀವಿಯ ಹ್ಯಾಟಿ) ಎಂಬ ಅಡ್ಡಹೆಸರು ಬಿತ್ತು. ಹೆಸರು ಬಂದರೂ ಸಂಬಳ ಸಾಲುತ್ತಿರಲಿಲ್ಲ. ಬೇರೆಯವರ ಮನೆಗೆಲಸ ಮಾಡುತ್ತಲೇ ರೇಡಿಯೊದಲ್ಲಿ ಹಾಡಿದರು. 1932ರ ‘ದ ಗೋಲ್ಡನ್ ವೆಸ್ಟ್’ ಅವರ ಮೊದಲ ಸಿನಿಮಾಗಳಲ್ಲೊಂದು.

## ಸಿನಿಮಾ ಕೆಲಸ

ಹಾಲಿವುಡ್‌ನ ಮೊದಲ ಕಪ್ಪು ನಟಿ ಇವರೇನಾ?

ಅಲ್ಲ. ಇವರಿಗಿಂತ ಮುಂಚೆ ಬಂದವರಿದ್ದಾರೆ. ಮೇಡಮ್ ಸುಲ್-ಟೆ-ವಾನ್ 1915ರ ಹೊತ್ತಿಗೇ ಮೂಕಿ ಚಿತ್ರಗಳಲ್ಲಿ ನಟಿಸುತ್ತಿದ್ದರು. ಕಪ್ಪು ನಿರ್ದೇಶಕ ಆಸ್ಕರ್ ಮಿಶೋ ತಮ್ಮ ಸಿನಿಮಾಗಳಲ್ಲಿ ಎವಲಿನ್ ಪ್ರೀಯರ್ ಅವರಿಗೆ ನಾಯಕಿಯ ಪಾತ್ರ ಕೊಟ್ಟರು. 1929ರ ‘ಹ್ಯಾಲೆಲೂಯಾ’ ಚಿತ್ರದಿಂದ ನೀನಾ ಮೇ ಮಕಿನಿ ಬೆಳಕಿಗೆ ಬಂದರು. 1934ರ ‘ಇಮಿಟೇಷನ್ ಆಫ್ ಲೈಫ್’ನಲ್ಲಿ ಲೂಯೀಸ್ ಬೀವರ್ಸ್ ಮತ್ತು ಫ್ರೆಡಿ ವಾಷಿಂಗ್ಟನ್ ಮಾಡಿದ ಅಮ್ಮ ಮಗಳ ಪಾತ್ರಗಳನ್ನು ಇವತ್ತಿಗೂ ಜನ ಮರೆತಿಲ್ಲ.

ಒಟ್ಟು ಎಷ್ಟು ಸಿನಿಮಾ ಮಾಡಿದ್ದಾರೆ?

ಮುನ್ನೂರು ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ತೆರೆಯ ಮೇಲೆ ಹೆಸರು ಬಂದದ್ದು ಎಂಬತ್ತರ ಆಸುಪಾಸು. ಬಾಗಿಲು ತೆಗೆದು ಒಂದು ಮಾತು ಹೇಳಿ ಹೋಗುವ ಪಾತ್ರಕ್ಕೆ ಯಾರೂ ಹೆಸರು ಹಾಕುತ್ತಿರಲಿಲ್ಲ.

ಎಲ್ಲದರಲ್ಲೂ ಕೆಲಸದವಳ ಪಾತ್ರಾನೇ ಯಾಕೆ? ಬೇಡ ಅನ್ನಬಹುದಿತ್ತಲ್ಲ?

ಬೇಡ ಅಂದರೆ ಬೇರೆ ಪಾತ್ರ ಸಿಗಬೇಕಲ್ಲ? ಸಿಗುತ್ತಿರಲಿಲ್ಲ. ಬಿಳಿಯರಿಗೂ ಕಪ್ಪು ಜನರಿಗೂ ಪ್ರೇಮ ಇರುವುದನ್ನು ತೋರಿಸಬಾರದು ಎಂದು ಹಾಲಿವುಡ್‌ನ ನಿರ್ಮಾಣ ಸಂಹಿತೆಯಲ್ಲೇ (ಸ್ಟುಡಿಯೊಗಳು ತಾವೇ ಹಾಕಿಕೊಂಡ ನಿಯಮಗಳಲ್ಲಿ) ಬರೆದಿತ್ತು. 1934ರಿಂದ ಅದನ್ನು ಬಿಗಿಯಾಗಿ ಜಾರಿಗೆ ತಂದರು. ದೊಡ್ಡ ಸ್ಟುಡಿಯೊಗಳ ಸಿನಿಮಾದಲ್ಲಿ ಕಪ್ಪು ನಟಿ ಬಿಳಿಯ ನಾಯಕನ ಪ್ರೇಯಸಿ ಆಗುವಂತಿರಲಿಲ್ಲ. ದಕ್ಷಿಣದ ರಾಜ್ಯಗಳ ಥಿಯೇಟರುಗಳು ಮುನಿಸಿಕೊಂಡಾವು ಎಂಬ ಭಯದಿಂದ ವೈದ್ಯೆಯೋ ಶಿಕ್ಷಕಿಯೋ ಆಗುವಂತೆಯೂ ಇರಲಿಲ್ಲ. ಉಳಿದದ್ದು ಅಡುಗೆಮನೆ.

ಇಷ್ಟರ ಮೇಲೆ ಹ್ಯಾಟಿ ದಪ್ಪನೆಯ ಮೈಕಟ್ಟಿನವರು, ಗಾಢ ಬಣ್ಣದವರು. ತಿಳಿ ಬಣ್ಣದ ಫ್ರೆಡಿ ವಾಷಿಂಗ್ಟನ್ ಅವರಂಥವರಿಗೂ ದಾರಿ ತೆರೆದಿರಲಿಲ್ಲ, ಆ ಮಾತು ಬೇರೆ. ಆದರೆ ಹ್ಯಾಟಿಯನ್ನು ನೋಡಿದ ತಕ್ಷಣ ಸ್ಟುಡಿಯೊದವರ ತಲೆಗೆ ಏಪ್ರನ್ ಬಿಟ್ಟು ಬೇರೇನೂ ಹೊಳೆಯುತ್ತಿರಲಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ. ಇಂಥ ಹಾಡುಗಾರ್ತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕಾಫಿ ತಟ್ಟೆ ಕೈಗಿಟ್ಟರು.

‘ಗಾನ್ ವಿತ್ ದ ವಿಂಡ್’ ಬಿಟ್ಟು ಯಾವುದನ್ನು ನೋಡಲಿ?

ಮೊದಲು ‘ಆಲಿಸ್ ಆಡಮ್ಸ್’ (1935). ಸಾಧಾರಣ ಮನೆಯ ಹುಡುಗಿ ಆಲಿಸ್, ಶ್ರೀಮಂತ ಹುಡುಗನನ್ನು ಊಟಕ್ಕೆ ಕರೆದಿದ್ದಾಳೆ. ತಮ್ಮ ಮನೆಯಲ್ಲಿ ಕೆಲಸದವರಿದ್ದಾರೆ ಎಂದು ತೋರಿಸಿಕೊಳ್ಳಲು ಒಂದು ಸಂಜೆಯ ಮಟ್ಟಿಗೆ ಮಲೀನಾ ಎಂಬಾಕೆಯನ್ನು ಗೊತ್ತು ಮಾಡಿದ್ದಾರೆ. ಆ ಮಲೀನಾ ಹ್ಯಾಟಿ. ಬೇಸಿಗೆಯ ಕೆಟ್ಟ ಸೆಕೆ. ತಲೆಯ ಮೇಲಿನ ಲೇಸಿನ ಟೋಪಿ ಜಾರುತ್ತಿರುತ್ತದೆ. ಬಾಯಲ್ಲಿ ಚ್ಯೂಯಿಂಗ್ ಗಮ್. ಎಷ್ಟು ಅವಸರ ಮಾಡಿದರೂ ಅವಳ ನಡಿಗೆ ಒಂದೇ ಥರ, ನಿಧಾನ. ಮಾತು ಬಹಳ ಕಡಿಮೆ. ಆದರೆ ಆ ಮನೆಯವರ ಸೋಗೆಲ್ಲ ಅವಳಿಗೆ ಅರ್ಥವಾಗಿದೆ ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ಆಲಿಸ್ ಆಗಿ ತಾರೆ ಕ್ಯಾಥರಿನ್ ಹೆಪ್‌ಬರ್ನ್ ಎದುರಿಗಿದ್ದರೂ ಆ ದೃಶ್ಯದಲ್ಲಿ ನಮ್ಮ ಕಣ್ಣು ಮಲೀನಾಳನ್ನು ಬಿಟ್ಟು ಹೋಗುವುದಿಲ್ಲ.

ಆಮೇಲೆ ‘ಷೋ ಬೋಟ್’ (1936). ಹ್ಯಾಟಿಯ ಕ್ವೀನಿ, ಪಾಲ್ ರೋಬ್ಸನ್ ಅವರ ಜೋ, ಗಂಡ ಹೆಂಡತಿ. ಸೋಮಾರಿ ಗಂಡನನ್ನು ಹೆಂಡತಿ ಬೈಯುವ, ಗಂಡ ನಗುತ್ತಾ ತಳ್ಳಿಹಾಕುವ ಒಂದು ಜೋಡಿ ಹಾಡಿದೆ. ಈ ಸಿನಿಮಾಕ್ಕೆಂದೇ ಹೊಸದಾಗಿ ಬರೆದದ್ದು. ಅವರ ದನಿ, ಹಾಸ್ಯದ ಸಮಯಪ್ರಜ್ಞೆ ಎರಡೂ ಒಟ್ಟಿಗೆ ಸಿಗುತ್ತವೆ. ‘ಜಡ್ಜ್ ಪ್ರೀಸ್ಟ್’ನಲ್ಲಿ (1934) ವಿಲ್ ರಾಜರ್ಸ್ ಜೊತೆ ಹಾಡಿದ್ದೂ ಚೆನ್ನಾಗಿದೆ.

ಮೂರನೆಯದು ‘ಇನ್ ದಿಸ್ ಅವರ್ ಲೈಫ್’ (1942). ಅದರ ವಿಷಯ ಮುಂದೆ ಬರುತ್ತದೆ.

ಮ್ಯಾಮಿ ಪಾತ್ರ ಇವರಿಗೇ ಹೇಗೆ ಸಿಕ್ತು?

ಪೈಪೋಟಿ ಜೋರಾಗಿತ್ತು. ಲೂಯೀಸ್ ಬೀವರ್ಸ್ ಕೂಡ ರೇಸಿನಲ್ಲಿದ್ದರು. ಹ್ಯಾಟಿ ಹಾಸ್ಯನಟಿ ಎಂದೇ ಹೆಸರಾಗಿದ್ದರಿಂದ ತಮಗೆ ಸಿಗುವುದು ಕಷ್ಟ ಎಂದುಕೊಂಡಿದ್ದರು. ಪರೀಕ್ಷೆಯ ದಿನ ಹಳೆಯ ಕಾಲದ ಕೆಲಸದಾಕೆಯ ಉಡುಪನ್ನೇ ತೊಟ್ಟುಕೊಂಡು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಎದುರಿಗೆ ಬಂದರು. ಅಲ್ಲಿಗೆ ತೀರ್ಮಾನವಾಯಿತು.

ಆ ಪಾತ್ರದಲ್ಲಿ ಅಂಥಾದ್ದೇನಿದೆ? ಬರೀ ಬೈಯೋದು, ಅಳೋದು ತಾನೆ?

ಕೊನೆಯ ಭಾಗದ ಮೆಟ್ಟಿಲಿನ ದೃಶ್ಯವನ್ನು ಇನ್ನೊಂದು ಸಲ ನೋಡಿ. ರೆಟ್ ಮತ್ತು ಸ್ಕಾರ್ಲೆಟ್ ದಂಪತಿಯ ಪುಟ್ಟ ಮಗಳು ಸತ್ತಿದ್ದಾಳೆ. ರೆಟ್ ಮಗುವಿನ ಹೆಣ ಮಣ್ಣು ಮಾಡಲು ಬಿಡುತ್ತಿಲ್ಲ. ಮ್ಯಾಮಿ, ಮನೆಗೆ ಬಂದ ಮೆಲನಿಯನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾಳೆ. ಒಂದೊಂದೇ ಮೆಟ್ಟಿಲು ಹತ್ತುತ್ತಾ ಆ ಮನೆಯಲ್ಲಿ ಏನೇನಾಯಿತು, ಗಂಡ ಹೆಂಡತಿ ಒಬ್ಬರಿಗೊಬ್ಬರು ಎಂಥ ಮಾತಾಡಿಕೊಂಡರು ಎಂದು ಹೇಳುತ್ತಾಳೆ. ಆ ಜಗಳವನ್ನು ನಮಗೆ ತೋರಿಸುವುದೇ ಇಲ್ಲ. ಎಲ್ಲವೂ ಹ್ಯಾಟಿಯ ದನಿಯಲ್ಲೇ ನಡೆಯುತ್ತದೆ. ಏದುಸಿರು ಬರುತ್ತಿದೆ, ಗಂಟಲು ಕಟ್ಟುತ್ತಿದೆ, ಆದರೂ ಮಾತು ನಿಲ್ಲುವುದಿಲ್ಲ. ಅಷ್ಟು ದೊಡ್ಡ ಖರ್ಚಿನ ಸಿನಿಮಾದ ಅತಿ ದುಃಖದ ಗಳಿಗೆಯನ್ನು ಕ್ಯಾಮೆರಾ ಇವರೊಬ್ಬರ ದನಿಯನ್ನು ನಂಬಿ ಬಿಟ್ಟಿದೆ.

ಇನ್ನೊಂದು, ಕೆಂಪು ರೇಷ್ಮೆ ಲಂಗದ ದೃಶ್ಯ. ರೆಟ್ ತಂದುಕೊಟ್ಟ ಲಂಗವನ್ನು ಮ್ಯಾಮಿ ಬಹಳ ದಿನ ಉಡುವುದಿಲ್ಲ. ಅವನ ಮೇಲೆ ಅವಳಿಗೆ ಅಷ್ಟು ಅನುಮಾನ. ಮಗು ಹುಟ್ಟಿದ ದಿನ ಸರಸರ ಸದ್ದು ಮಾಡುತ್ತಾ ಅದನ್ನು ಉಟ್ಟು ಬರುತ್ತಾಳೆ. ನಾಚಿಕೆ, ಜಂಬ, ಒಪ್ಪಿಗೆ ಎಲ್ಲ ಒಂದೇ ನಗುವಿನಲ್ಲಿ ಬರುತ್ತದೆ.

ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವರನ್ನು ಕರೆದೇ ಇರಲಿಲ್ವಂತೆ?

1939ರ ಡಿಸೆಂಬರ್ 15ರಂದು ಅಟ್ಲಾಂಟಾದ ಲೋಯೀಸ್ ಗ್ರ್ಯಾಂಡ್ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ. ಜಾರ್ಜಿಯಾದಲ್ಲಿ ಜನಾಂಗ ಪ್ರತ್ಯೇಕತೆಯ ಕಾನೂನಿತ್ತು. ಆ ಥಿಯೇಟರ್ ಬಿಳಿಯರಿಗೆ ಮಾತ್ರ. ಸಿನಿಮಾದಲ್ಲಿ ನಟಿಸಿದ ಕಪ್ಪು ಕಲಾವಿದರು ಯಾರೂ ಹೋಗುವಂತಿರಲಿಲ್ಲ. ಅಲ್ಲಿ ಹಂಚಿದ ಕಾರ್ಯಕ್ರಮ ಪುಸ್ತಿಕೆಯಿಂದ ಹ್ಯಾಟಿಯ ಫೋಟೊವನ್ನೂ ತೆಗೆದರು. ಹಾಗಾದರೆ ನಾನೂ ಹೋಗುವುದಿಲ್ಲ ಎಂದು ಅವರ ಗೆಳೆಯ, ನಾಯಕ ನಟ ಕ್ಲಾರ್ಕ್ ಗೇಬಲ್ ಪಟ್ಟು ಹಿಡಿದರು. ಹೋಗಿ ಬನ್ನಿ ಎಂದು ಒಪ್ಪಿಸಿದವರು ಹ್ಯಾಟಿಯೇ.

ಹಿಂದಿನ ದಿನ ಅಟ್ಲಾಂಟಾದಲ್ಲಿ ಬಿಳಿಯರಿಗಾಗಿ ದೊಡ್ಡ ಔತಣಕೂಟ ಇತ್ತು. ಅಲ್ಲಿ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಕಪ್ಪು ಗಾಯಕರ ತಂಡ ಗುಲಾಮರ ವೇಷದಲ್ಲಿ ಹಾಡಿತು. ಆ ತಂಡದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಇದ್ದ, ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. ಡಿಸೆಂಬರ್ 28ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ಪ್ರದರ್ಶನಕ್ಕೆ ಹ್ಯಾಟಿ ಹೋದರು.

## ಆಸ್ಕರ್ ಮತ್ತು ಆಮೇಲಿನ ದಿನಗಳು

ಆಸ್ಕರ್ ರಾತ್ರಿ ಬೇರೆ ಟೇಬಲ್‌ನಲ್ಲಿ ಕೂರಿಸಿದ್ದು ನಿಜವೇ?

ನಿಜ. 1940ರ ಫೆಬ್ರುವರಿ 29. ಜಾಗ, ಲಾಸ್ ಏಂಜಲಿಸ್‌ನ ಅಂಬಾಸಡರ್ ಹೋಟೆಲಿನ ಕೋಕನಟ್ ಗ್ರೋವ್. ಆ ಹೋಟೆಲು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಸೆಲ್ಜ್‌ನಿಕ್ ಹೇಳಿ ಕೇಳಿ ಒಪ್ಪಿಗೆ ಪಡೆಯಬೇಕಾಯಿತು. ಸಿನಿಮಾದ ಉಳಿದ ತಾರೆಯರು ಒಂದು ಟೇಬಲ್‌ನಲ್ಲಿದ್ದರು. ಹ್ಯಾಟಿ, ಅವರ ಜೊತೆ ಬಂದ ಗೆಳೆಯ, ಅವರ ಏಜೆಂಟ್ ಗೋಡೆ ಪಕ್ಕದ ಪುಟ್ಟ ಟೇಬಲ್‌ನಲ್ಲಿದ್ದರು. ಹ್ಯಾಟಿಯ ಮುಡಿಯಲ್ಲಿ ಬಿಳಿಯ ಗಾರ್ಡೀನಿಯಾ ಹೂ.

ಅದೇ ಸಿನಿಮಾದ ಮೆಲನಿ, ಅಂದರೆ ಒಲಿವಿಯಾ ಡಿ ಹ್ಯಾವಿಲಂಡ್ ಕೂಡ ಅದೇ ಪ್ರಶಸ್ತಿಗೆ ಸ್ಪರ್ಧಿಸಿದ್ದರು. ಫೇ ಬೇಂಟರ್ ಹೆಸರು ಓದಿದರು. ಹ್ಯಾಟಿ ಚಿಕ್ಕದಾಗಿ ಮಾತಾಡಿದರು. ನನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಯಾವಾಗಲೂ ಹೆಮ್ಮೆ ತರುವಂತೆ ಇರುತ್ತೇನೆ ಎಂದು ಆಶಿಸುತ್ತೇನೆ ಎಂದರು, ಕಣ್ಣೀರು ತಡೆಯಲಾರದೆ ವೇದಿಕೆ ಇಳಿದರು. ಅವತ್ತು ಗೆದ್ದ ಬೇರೆ ಯಾರೂ ಜನಾಂಗದ ಪರವಾಗಿ ಹೀಗೆ ಮಾತು ಕೊಡಬೇಕಾಗಿರಲಿಲ್ಲ.

2010ರಲ್ಲಿ ಅದೇ ಪ್ರಶಸ್ತಿ ಗೆದ್ದ ಮೋನಿಕ್ ಮುಡಿಗೆ ಗಾರ್ಡೀನಿಯಾ ಮುಡಿದು ಬಂದಿದ್ದರು. ನಾನು ಪಡದೇ ಇರಲೆಂದು ಎಲ್ಲವನ್ನೂ ನೀವು ಸಹಿಸಿದಿರಿ ಎಂದು ವೇದಿಕೆಯಿಂದಲೇ ಹ್ಯಾಟಿಗೆ ಕೃತಜ್ಞತೆ ಹೇಳಿದರು.

ಆಮೇಲೆ ಕಪ್ಪು ನಟಿಯರಿಗೆ ಬೇಗ ಬೇಗ ಆಸ್ಕರ್ ಬಂತಾ?

ಇಲ್ಲ. ಇನ್ನೊಬ್ಬ ಕಪ್ಪು ನಟಿ ಗೆಲ್ಲಲು 51 ವರ್ಷ ಬೇಕಾಯಿತು. 1991ರಲ್ಲಿ ವೂಪಿ ಗೋಲ್ಡ್‌ಬರ್ಗ್. ನಾಯಕಿ ನಟಿಯ ಪ್ರಶಸ್ತಿ ಬಂದದ್ದು 2002ರಲ್ಲಿ, ಹ್ಯಾಲಿ ಬೆರಿ ಅವರಿಗೆ.

ಅವರ ಆಸ್ಕರ್ ಕಳೆದುಹೋಗಿದೆ ಅಂತಾರಲ್ಲ?

ಆಗ ಪೋಷಕ ಕಲಾವಿದರಿಗೆ ಪ್ರತಿಮೆ ಕೊಡುತ್ತಿರಲಿಲ್ಲ, ಫಲಕ ಕೊಡುತ್ತಿದ್ದರು. ಅದನ್ನು ಹ್ಯಾಟಿ ತಮ್ಮ ಉಯಿಲಿನಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟರು. ಅಲ್ಲಿನ ನಾಟಕ ವಿಭಾಗದಲ್ಲಿ ಇತ್ತು. 1970ರ ದಶಕ ಶುರುವಾಗುವ ಹೊತ್ತಿಗೆ ಕಾಣೆಯಾಯಿತು. ವಿದ್ಯಾರ್ಥಿಗಳು ಪ್ರತಿಭಟನೆಯ ಸಿಟ್ಟಲ್ಲಿ ಪೊಟೊಮ್ಯಾಕ್ ನದಿಗೆ ಎಸೆದರು ಎಂಬುದು ಬರೀ ಗಾಳಿಸುದ್ದಿ, ದಯವಿಟ್ಟು ಹಂಚಬೇಡಿ. 2023ರ ಅಕ್ಟೋಬರ್ 1ರಂದು ಆಸ್ಕರ್ ಕೊಡುವ ಅಕಾಡೆಮಿ ಹೊಸ ಫಲಕ ಮಾಡಿಸಿ ಹೊವಾರ್ಡ್‌ಗೆ ಕೊಟ್ಟಿತು.

ಪ್ರಶಸ್ತಿ ಬಂದ ಮೇಲೆ ಒಳ್ಳೆ ಪಾತ್ರಗಳು ಸಿಕ್ಕಿರಬೇಕು?

ಮ್ಯಾಮಿ ವೇಷದಲ್ಲೇ ಊರೂರಿಗೆ ಪ್ರಚಾರಕ್ಕೆ ಕಳಿಸಿದರು. ಮತ್ತೆ ಅದೇ ಏಪ್ರನ್. ಇದ್ದದ್ದರಲ್ಲಿ ಬೇರೆ ಥರ ಇದ್ದದ್ದು ‘ಇನ್ ದಿಸ್ ಅವರ್ ಲೈಫ್’. ಜಾನ್ ಹ್ಯೂಸ್ಟನ್ ನಿರ್ದೇಶನ. ಕಾರು ಗುದ್ದಿಸಿ ಮಗುವನ್ನು ಕೊಂದ ಶ್ರೀಮಂತ ಬಿಳಿಯ ಹೆಣ್ಣು, ತಪ್ಪನ್ನು ಕಾನೂನು ಓದುತ್ತಿರುವ ಕಪ್ಪು ಹುಡುಗನ ತಲೆಗೆ ಕಟ್ಟುತ್ತಾಳೆ. ಹುಡುಗನ ತಾಯಿ ಮಿನರ್ವಾ ಆಗಿ ಹ್ಯಾಟಿ. ಆ ರಾತ್ರಿ ಮಗ ಮನೆಯಲ್ಲೇ ಇದ್ದ, ಆದರೆ ಕಪ್ಪು ಹುಡುಗನ ಮಾತನ್ನು ಪೊಲೀಸರು ಕೇಳುವುದಿಲ್ಲ ಎಂದು ಆಕೆ ಹೇಳುವ ದೃಶ್ಯ ಚಿಕ್ಕದು. ದನಿ ಏರಿಸುವುದಿಲ್ಲ, ಕಣ್ಣು ತಿರುಗಿಸುವುದಿಲ್ಲ, ನಗಿಸುವ ಒಂದು ಗುರುತೂ ಇಲ್ಲ. ಇಂಥ ಹತ್ತು ಪಾತ್ರ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಯೋಚಿಸದೆ ಇರಲಾರೆ.

ರೇಡಿಯೊ ಷೋ ಕೂಡ ಇತ್ತಂತೆ?

‘ಬ್ಯೂಲಾ’. ಆ ಕೆಲಸದಾಕೆಯ ಪಾತ್ರಕ್ಕೆ ಮೊದಲು ಬಿಳಿಯ ಗಂಡಸರು ದನಿ ಕೊಡುತ್ತಿದ್ದರು! 1947ರ ನವೆಂಬರ್‌ನಲ್ಲಿ ಸಿಬಿಎಸ್ ರೇಡಿಯೊ ಸಂಸ್ಥೆ ಅದನ್ನು ಹ್ಯಾಟಿಗೆ ಕೊಟ್ಟಿತು. ಅಮೆರಿಕದ ರೇಡಿಯೊದಲ್ಲಿ ತನ್ನದೇ ಧಾರಾವಾಹಿಯ ನಾಯಕಿಯಾದ ಮೊದಲ ಕಪ್ಪು ಮಹಿಳೆ ಇವರು. ಕೆಲಸದಾಕೆಯ ಪಾತ್ರವೇ ಆದರೂ ಷರತ್ತು ಇವರದು. ಕಪ್ಪು ಜನರನ್ನು ಅಣಕಿಸುವ ಒಡಕು ಇಂಗ್ಲಿಷ್ ಆಡುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿದರು. ಟಿವಿಗೂ ಕೆಲವು ಕಂತು ಮಾಡಿದರು. ಅಷ್ಟರಲ್ಲಿ ಕಾಯಿಲೆ ಹಿಡಿಯಿತು, ಪಾತ್ರ ಲೂಯೀಸ್ ಬೀವರ್ಸ್ ಪಾಲಾಯಿತು.

## ಕಷ್ಟದ ಪ್ರಶ್ನೆಗಳು

ಅವರ ಜನರೇ ಅವರನ್ನು ಯಾಕೆ ಬೈದರು?

ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಮುಖ್ಯಸ್ಥ ವಾಲ್ಟರ್ ವೈಟ್ 1942ರ ಹೊತ್ತಿಗೆ ಹಾಲಿವುಡ್‌ಗೆ ಬಂದು ಸ್ಟುಡಿಯೊ ಮಾಲೀಕರ ಜೊತೆ ಮಾತಾಡಿದರು. ಕೆಲಸದವರು, ಕೋಡಂಗಿಗಳು ಬಿಟ್ಟು ಬೇರೆ ಪಾತ್ರ ಕೊಡಿ ಎಂದರು. ಬೇಡಿಕೆ ನೂರಕ್ಕೆ ನೂರು ಸರಿ. ತೆರೆಯ ಮೇಲೆ ಯಾವಾಗಲೂ ನಗುನಗುತ್ತಾ ದುಡಿಯುವ ಕಪ್ಪು ಹೆಂಗಸನ್ನು ನೋಡಿದ ಬಿಳಿಯ, ತನ್ನ ಮನೆಯ ಕೆಲಸದಾಕೆಯೂ ಹಾಗೇ ಸುಖವಾಗಿದ್ದಾಳೆ ಎಂದುಕೊಳ್ಳುತ್ತಾನೆ. ಅದರಿಂದ ಆಗುವ ಕೆಡುಕು ಚಿಕ್ಕದಲ್ಲ.

ಆದರೆ ಆ ಮಾತುಕತೆಗೆ ಅಷ್ಟು ವರ್ಷ ದುಡಿದ ಕಲಾವಿದರನ್ನು ಕರೆಯಲಿಲ್ಲ. ಹ್ಯಾಟಿಗೆ ನೋವಾದದ್ದು ಇದರಿಂದ. ಇರುವ ಪಾತ್ರಗಳೂ ಹೋದರೆ ಹೊಟ್ಟೆಪಾಡಿಗೆ ಏನು ಗತಿ ಎಂಬ ಭಯವೂ ಇತ್ತು. ಕೆಲಸದಾಕೆಯಾಗಿ ನಟಿಸಿದರೆ ವಾರಕ್ಕೆ 700 ಡಾಲರ್, ನಿಜಕ್ಕೂ ಕೆಲಸದಾಕೆಯಾದರೆ ವಾರಕ್ಕೆ 7 ಡಾಲರ್ ಎಂಬ ಮಾತು ಅವರ ಹೆಸರಿನಲ್ಲಿ ಪ್ರಸಿದ್ಧ. ಆ ಏಳು ಡಾಲರ್ ಬದುಕನ್ನು ಅವರು ಬದುಕಿದ್ದರು, ಅವರ ಅಮ್ಮ, ಅಕ್ಕಂದಿರು ಬದುಕಿದ್ದರು. 1947ರಲ್ಲಿ ಒಂದು ಲೇಖನ ಬರೆದು, ನನ್ನ ಪಾತ್ರಗಳಿಗಾಗಿ ನಾನು ಎಂದೂ ಕ್ಷಮೆ ಕೇಳಿಲ್ಲ ಎಂದರು. ಕಪ್ಪು ಪಾತ್ರಗಳ ಬಾಯಿಗೆ ತುರುಕುತ್ತಿದ್ದ ಒರಟು ಆಡುಮಾತನ್ನು ಬಿಡಿಸುವಂತೆ ಎಷ್ಟೋ ಸಲ ನಿರ್ದೇಶಕರನ್ನು ಒಪ್ಪಿಸಿದ್ದೇನೆ ಎಂದೂ ಬರೆದರು.

ನನ್ನ ಅಭಿಪ್ರಾಯ ಕೇಳಿದರೆ, ಬೈಗುಳ ತಲುಪಬೇಕಾದ ಜಾಗ ಸ್ಟುಡಿಯೊ ಮಾಲೀಕರ ಕೋಣೆ. ಅದರ ಬಹುಪಾಲನ್ನು ಹ್ಯಾಟಿ ಉಣ್ಣಬೇಕಾಯಿತು. ಎನ್‌ಎಎಸಿಪಿ ಮೆಚ್ಚಿದ ಹೊಸ ತಲೆಮಾರಿನ ತಾರೆ ಲೀನಾ ಹಾರ್ನ್‌ಗೆ ಮನೆಗೆ ಕರೆದು ಧೈರ್ಯ ಹೇಳಿದವರೂ ಇದೇ ಹ್ಯಾಟಿ. ಲೀನಾ ಅದನ್ನು ಮುಂದೆ ನೆನಪಿಸಿಕೊಂಡರು.

ಹಕ್ಕುಗಳಿಗಾಗಿ ಅವರು ಏನೂ ಮಾಡಲಿಲ್ಲ ಅಂತಾರೆ. ಹೌದಾ?

ತಪ್ಪು. ಲಾಸ್ ಏಂಜಲಿಸ್‌ನ ವೆಸ್ಟ್ ಆಡಮ್ಸ್ ಹೈಟ್ಸ್ ಬಡಾವಣೆಯಲ್ಲಿ ಹ್ಯಾಟಿ ದೊಡ್ಡ ಮನೆ ಕೊಂಡಿದ್ದರು. ಆ ಜಾಗವನ್ನು ಜನ ಷುಗರ್ ಹಿಲ್ ಎನ್ನುತ್ತಿದ್ದರು. ಲೂಯೀಸ್ ಬೀವರ್ಸ್, ಗಾಯಕಿ ಎಥೆಲ್ ವಾಟರ್ಸ್ ಕೂಡ ಅಲ್ಲೇ ಇದ್ದರು. ಅಲ್ಲಿನ ಮನೆಗಳ ಕ್ರಯಪತ್ರಗಳಲ್ಲಿ, ಬಿಳಿಯರಲ್ಲದವರಿಗೆ ಮಾರಬಾರದು ಎಂಬ ಷರತ್ತಿತ್ತು. ಅದನ್ನು ಮುಂದಿಟ್ಟುಕೊಂಡು ಕೆಲವು ಬಿಳಿಯ ಮನೆಯವರು ಇವರನ್ನೆಲ್ಲ ಎಬ್ಬಿಸಲು ಕೋರ್ಟಿಗೆ ಹೋದರು.

ಹ್ಯಾಟಿ ಹೆದರಲಿಲ್ಲ. ಅಕ್ಕಪಕ್ಕದವರನ್ನು ಒಟ್ಟುಗೂಡಿಸಿ, ಶನಿವಾರಗಳಲ್ಲಿ ತಮ್ಮ ಮನೆಯಲ್ಲೇ ಸಭೆ ನಡೆಸಿ ಬೆಂಬಲ ಕಟ್ಟಿದರು. ವಕೀಲ ಲೋರೆನ್ ಮಿಲ್ಲರ್ ವಾದಿಸಿದರು. 1945ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ತಾವೇ ಹೋಗಿ ಬಡಾವಣೆ ನೋಡಿ ಬಂದರು. ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಸಮಾನತೆಯ ಹಕ್ಕನ್ನು ಕಪ್ಪು ಜನರಿಗೆ ಪೂರ್ತಿಯಾಗಿ ಕೊಡುವ ಕಾಲ ಬಂದಿದೆ ಎಂದು ಕೇಸು ವಜಾ ಮಾಡಿದರು. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ದೇಶದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಆ ಹೋರಾಟದಲ್ಲೂ ಮಿಲ್ಲರ್ ಇದ್ದರು. ಮುಂದೆ ಹೆದ್ದಾರಿಯೊಂದನ್ನು ಆ ಬಡಾವಣೆಯ ನಡುವೆಯೇ ಕೊರೆದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಕಪ್ಪು ಸೈನಿಕರಿಗೆ ಮನರಂಜನೆ ಒದಗಿಸುವ ಹಾಲಿವುಡ್ ಸಮಿತಿಯ ಹೊಣೆಯನ್ನೂ ಅವರು ಹೊತ್ತಿದ್ದರು.

ಅವರ ಕೊನೆಯ ಆಸೆಯನ್ನೂ ನಡೆಸಿಕೊಡಲಿಲ್ಲ ಅಂತ ಓದಿದೆ.

1952ರ ಅಕ್ಟೋಬರ್ 26ರಂದು, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾಲ್ಕು ಮದುವೆ ಆಗಿತ್ತು, ಮಕ್ಕಳಿರಲಿಲ್ಲ. ಚಿತ್ರರಂಗದ ಗೆಳೆಯರೆಲ್ಲ ಮಲಗಿರುವ ಹಾಲಿವುಡ್ ಸ್ಮಶಾನದಲ್ಲೇ ತಮ್ಮನ್ನೂ ಮಣ್ಣು ಮಾಡಬೇಕು ಎಂದು ಬರೆದಿಟ್ಟಿದ್ದರು. ಅದು ಬಿಳಿಯರಿಗೆ ಮಾತ್ರ, ಆಗುವುದಿಲ್ಲ ಎಂದರು. ಎಲ್ಲ ಜನಾಂಗದವರಿಗೂ ಜಾಗ ಕೊಡುತ್ತಿದ್ದ ರೋಸ್‌ಡೇಲ್ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು, ಈಗಲಾದರೂ ಇಲ್ಲಿಗೆ ತರೋಣ ಎಂದು ಮುಂದೆ ಬಂದರು. ಮನೆಯವರು ಸಮಾಧಿ ಕದಲಿಸಲು ಒಪ್ಪಲಿಲ್ಲ. ಹಾಗಾಗಿ ಅಲ್ಲಿ ಕೊಳದ ದಡದಲ್ಲಿ ಒಂದು ಸ್ಮಾರಕ ಕಲ್ಲು ನಿಲ್ಲಿಸಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪ್ ತಂದಿತು.

‘ಗಾನ್ ವಿತ್ ದ ವಿಂಡ್’ ಗುಲಾಮಗಿರಿಯನ್ನು ಚೆಂದ ಮಾಡಿ ತೋರಿಸೋ ಸಿನಿಮಾ. ಹ್ಯಾಟಿಯನ್ನು ಹೊಗಳಿದರೆ ಅದನ್ನೂ ಹೊಗಳಿದ ಹಾಗಲ್ವಾ?

ಆ ಸಿನಿಮಾದ ಬಗ್ಗೆ ನೀವು ಹೇಳಿದ್ದು ಸರಿ. ತೋಟದ ಮನೆಯಲ್ಲಿ ಗುಲಾಮರು ನೆಮ್ಮದಿಯಾಗಿದ್ದರು ಎಂಬ ಸುಳ್ಳನ್ನು ಅದು ಬಣ್ಣ ಬಳಿದು ಹೇಳುತ್ತದೆ. ತಯಾರಾಗುತ್ತಿದ್ದಾಗಲೇ ಕಪ್ಪು ಜನರ ಪತ್ರಿಕೆಗಳು ದನಿ ಎತ್ತಿದ್ದವು. ಅದರ ಒತ್ತಡದಿಂದಲೇ ಚಿತ್ರಕಥೆಯಲ್ಲಿದ್ದ ಜನಾಂಗೀಯ ಬೈಗುಳವನ್ನು ಸೆಲ್ಜ್‌ನಿಕ್ ತೆಗೆಸಿದ. 2020ರ ಜೂನ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಎಂಬ ಆನ್‌ಲೈನ್ ಸಿನಿಮಾ ತಾಣ ಅದನ್ನು ಸ್ವಲ್ಪ ದಿನ ತೆಗೆದು, ಚಿತ್ರ ಇತಿಹಾಸದ ವಿದ್ವಾಂಸೆ ಜಾಕ್ವೆಲಿನ್ ಸ್ಟೀವರ್ಟ್ ಅವರ ಮುನ್ನುಡಿ ಸೇರಿಸಿ ಮತ್ತೆ ಹಾಕಿತು. ನನಗೆ ಆ ಕ್ರಮ ಒಪ್ಪಿಗೆ. ಬಚ್ಚಿಟ್ಟರೆ ಸುಳ್ಳಿನ ಜೊತೆಗೆ ಹ್ಯಾಟಿಯ ಕೆಲಸವೂ ಮಾಯವಾಗುತ್ತದೆ.

ಸುಳ್ಳು ಹೇಳುವ ಸಿನಿಮಾದೊಳಗೆ ಒಬ್ಬ ಕಲಾವಿದೆ ನಿಜವಾದದ್ದನ್ನು ಮಾಡಬಲ್ಲಳು. ಮ್ಯಾಮಿಗೆ ಸಿನಿಮಾದಲ್ಲಿ ಸ್ವಂತ ಹೆಸರಿಲ್ಲ, ಮನೆಮಠ ಇಲ್ಲ, ಮಕ್ಕಳಿಲ್ಲ. ಬರೆದವರು ಏನನ್ನೂ ಕೊಟ್ಟಿಲ್ಲ. ಆ ಬರಿಗೈಯಲ್ಲೇ ಹ್ಯಾಟಿ ಬುದ್ಧಿ, ಸ್ವಾಭಿಮಾನ, ಸಿಟ್ಟು, ದುಃಖ ಇರುವ ಹೆಂಗಸನ್ನು ನಿಲ್ಲಿಸಿದರು. ಸಿನಿಮಾ ಮೇಲೆ ಕೋಪ ಇಟ್ಟುಕೊಂಡೇ ನೋಡಿ, ತೊಂದರೆ ಇಲ್ಲ. ನೋಡಿದ ಮೇಲೆ ‘ಆಲಿಸ್ ಆಡಮ್ಸ್’ ಹಾಕಿ. ಆಮೇಲೆ ಅವರ 1920ರ ದಶಕದ ಬ್ಲೂಸ್ ರೆಕಾರ್ಡುಗಳನ್ನು ಹುಡುಕಿ ಕೇಳಿ. ಅಲ್ಲಿ ಅವರು ಯಾರ ಮನೆಯ ಕೆಲಸದವರೂ ಅಲ್ಲ.